ನಗರಾಡಳಿತಕ್ಕೆ ಬರೆಯುವಾಗ: ಒಂದು ಪತ್ರ, ಒಂದೇ ವಿಷಯ

ನಗರಾಡಳಿತಕ್ಕೆ ದೂರು ಕೊಡುವಾಗ ಒಂದು ಪತ್ರದಲ್ಲಿ ಒಂದೇ ವಿಷಯ ಬರೆಯಿರಿ, ಜಾಗವನ್ನು ಖಚಿತವಾಗಿ ಹೇಳಿ. ದೀಪ, ಚರಂಡಿ, ಕಸ ಎಲ್ಲವನ್ನೂ ಒಟ್ಟಿಗೆ ಬರೆದರೆ ಪತ್ರ ಮೂರು ವಿಭಾಗ ಸುತ್ತುತ್ತದೆ, ಇದು ನನ್ನದು ಅಂತ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ‘ನಮ್ಮ ಬೀದಿ ಕತ್ತಲು’ ಅನ್ನುವ ಬದಲು ರಸ್ತೆಯ ಹೆಸರು, ಕಂಬದ ಸಂಖ್ಯೆ, ದೀಪ ಪೂರ್ತಿ ಆರಿದೆಯೋ ಮಿಣುಕುತ್ತಿದೆಯೋ ಅಂತ ಬರೆಯಿರಿ. ಏಣಿ ಹೊತ್ತು ಬರುವವರು ಸೀದಾ ಆ ಕಂಬದ ಹತ್ತಿರವೇ ಬರುತ್ತಾರೆ, ಬೇಕಾದ ಸಾಮಾನೂ ಜೊತೆಗೇ ತರುತ್ತಾರೆ. ಸಾಮಾನ್ಯವಾಗಿ ಸಂಖ್ಯೆ ಕಂಬದ ಮೇಲೇ ಇರುತ್ತದೆ, ಹಗಲಲ್ಲೇ ಫೋಟೋ ತೆಗೆದಿಟ್ಟುಕೊಳ್ಳಿ. ದೂರಿನ ನೋಂದಣಿ ಸಂಖ್ಯೆ ಕೇಳಿ ಪಡೆಯುವುದನ್ನು ಮಾತ್ರ ಮರೆಯಬೇಡಿ.

ಇದು ರಿಪೇರಿ ಕೆಲಸಗಳಿಗೆ ಸರಿ. ಹೆದ್ದಾರಿಯಂತೆ ನಗರಾಡಳಿತದ ಕೈಯಲ್ಲಿ ಇಲ್ಲದ ವಿಷಯಕ್ಕೆ ನಡೆಯುವುದಿಲ್ಲ. ಹೊಸ ಪಾರ್ಕು, ಹೊಸ ಫುಟ್‌ಪಾತ್ ಬೇಕಾದರೂ ಪತ್ರ ಸಾಲದು, ಅದಕ್ಕೆ ಹಣ ಇಡಬೇಕಲ್ವಾ? ಹಾಗಾಗಿ ಬಜೆಟ್ ತಯಾರಾಗುವ ಮೊದಲೇ ನಿಮ್ಮ ವಾರ್ಡಿನ ಸದಸ್ಯರನ್ನು ಕಾಣಿ, ಸಾರ್ವಜನಿಕ ಸಭೆ ಇದ್ದರೆ ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋಗಿ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಜನರೇ ಸಭೆ ಸೇರಿ ಬಜೆಟ್‌ನ ಒಂದು ಪಾಲು ಯಾವುದಕ್ಕೆ ಹೋಗಬೇಕು ಎಂದು ಹೇಳತೊಡಗಿದರು. ಆಮೇಲೆ ಎಷ್ಟೋ ದೇಶಗಳ ನಗರಗಳು ಆ ದಾರಿ ಹಿಡಿದವು.

ಕೆಲಸ ಆದ ಮೇಲೆ ಅದೇ ನೋಂದಣಿ ಸಂಖ್ಯೆ ಹಾಕಿ ಎರಡು ಸಾಲು ಥ್ಯಾಂಕ್ಸ್ ಬರೆಯಿರಿ. ಬೆಳಗಾಗುವ ಮೊದಲೇ ಬೀದಿಗಿಳಿದು ದುಡಿಯುವವರಿಗೆ ದೂರುಗಳೇ ಜಾಸ್ತಿ ಸಿಗುತ್ತವೆ. ಯಾರು ಬಂದು ಮಾಡಿಕೊಟ್ಟರು ಅಂತ ಗೊತ್ತಿದ್ದರೆ ಅವರ ಹೆಸರನ್ನೂ ಬರೆಯಿರಿ.