ಮತ್ತಿ ಮರ ಚಿಗುರಿದಾಗ ನೆಟ್ ಹೋಯಿತು

ಅಣ್ಣನ ಮನೆ ರಸ್ತೆ ಬದಿ, ಅಲ್ಲಿಗೆ ಫೈಬರ್ ಬಂದಿತ್ತು. ನಮ್ಮದು ಹೊಸನಗರ ತಾಲೂಕಿನ ಒಂಟಿ ಮನೆ; ಅಲ್ಲಿಂದ ತೋಟ ದಾಟಿ, ಹಳ್ಳ ದಾಟಿ 700 ಮೀಟರ್. ಕೇಬಲ್ ಎಳೆಸಿದರೆ ಕಂಬದ ಖರ್ಚು ಬೇರೆ, ಮಳೆಗಾಲದಲ್ಲಿ ಮರ ಬಿದ್ದು ಹರಿಯುವುದೂ ಖಾಯಂ. ಹಾಗಾಗಿ ಅಲ್ಲಿನ ನೆಟ್ ಇಲ್ಲಿಗೆ ವೈಫೈಯಲ್ಲೇ ದಾಟಿಸಲು 5.8 ಗಿಗಾಹರ್ಟ್ಸ್‌ನ ಎರಡು ಪುಟ್ಟ ಡಿಶ್ ತರಿಸಿ, ಅಲ್ಲೊಂದು ಇಲ್ಲೊಂದು ಕೂರಿಸಿದೆ.

ವೈಫೈ ಅಂದರೂ ರೇಡಿಯೋ ಅಲೆಯೇ. ಮನೆಯ ರೌಟರ್ ಅದನ್ನು ಸುತ್ತಲೂ ಚೆಲ್ಲುತ್ತದೆ; ಡಿಶ್ ಟಾರ್ಚಿನ ಹಾಗೆ ಒಂದೇ ದಿಕ್ಕಿಗೆ ಬಿಡುತ್ತದೆ, ಅದಕ್ಕೇ ದೂರ ಮುಟ್ಟುತ್ತದೆ. ಆದರೆ ಒಂದಕ್ಕೊಂದು ಕಾಣಬೇಕು. ಅದನ್ನು ನೋಡಲು ಅಣ್ಣನ ಮಗ ರಾತ್ರಿ ಮಾಡು ಹತ್ತಿ ಟಾರ್ಚ್ ಬಿಟ್ಟ. 'ಕಾಣ್ತದ?' ಅಂತ ಅವನ ಕೂಗು, 'ಹ್ಞೂ ಮಾರಾಯ' ಅಂತ ನನ್ನದು. ಮಾರ್ಚ್ ತಿಂಗಳು. ಸಿಗ್ನಲ್ಲಿನ ಬಲ, ಡೆಸಿಬೆಲ್ ಲೆಕ್ಕದಲ್ಲಿ, ಮೈನಸ್ 58. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು.

ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಅದು ಮೈನಸ್ 78ಕ್ಕೆ ಬಂದಿತ್ತು. 20 ಡೆಸಿಬೆಲ್ ಇಳಿಯಿತೆಂದರೆ ಬಂದು ಮುಟ್ಟುವ ಶಕ್ತಿ ನೂರರಲ್ಲಿ ಒಂದು ಪಾಲು. ಮಳೆಯನ್ನೇ ಬೈದೆ. ಪಾಪ, ಮಳೆಯದ್ದು ತಪ್ಪಿರಲಿಲ್ಲ. 700 ಮೀಟರಿಗೆ ಹನಿಗಳ ಕಾಟ ಲೆಕ್ಕಕ್ಕಿಲ್ಲ. ಹಳ್ಳದ ದಂಡೆಯಲ್ಲೊಂದು ಮತ್ತಿ ಮರ. ಮಾರ್ಚಿನಲ್ಲಿ ಬೋಳು ನಿಂತಿತ್ತು, ಟಾರ್ಚಿನ ಬೆಳಕು ಕೊಂಬೆಗಳ ಸಂದಿಯಲ್ಲಿ ತೂರಿ ಬಂದಿತ್ತು. ಈಗ ಮೈತುಂಬ ಎಲೆ, ಅದೂ ಒದ್ದೆ ಎಲೆ. ಸಾಲದ್ದಕ್ಕೆ, ಕಣ್ಣಿಗೆ ಕಾಣುವ ಗೆರೆಯಷ್ಟೇ ಅಲೆಗೆ ಸಾಕಾಗುವುದಿಲ್ಲ. ಅದರ ದಾರಿ ನಡುವೆ ಸೌತೆಕಾಯಿಯಂತೆ ಉಬ್ಬಿರುತ್ತದೆ. ಫ್ರೆನೆಲ್ ವಲಯ ಅನ್ನುತ್ತಾರೆ. ನಮ್ಮ ದೂರಕ್ಕೆ ಮಧ್ಯದಲ್ಲಿ ಅದರ ತ್ರಿಜ್ಯ ಸುಮಾರು 3 ಮೀಟರ್.

ಮರ ಕಡಿಯುವ ಮಾತಿಗೆ ಅಪ್ಪ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಡಿಶ್ ಕಿತ್ತು ಅಡಿಕೆ ಅಟ್ಟದ ಮೂಲೆಯಲ್ಲಿ 20 ಅಡಿ ಜಿಐ ಪೈಪ್ ನಿಲ್ಲಿಸಿ ಕಟ್ಟಿದೆ. ಮರ ಪಕ್ಕಕ್ಕಾಯಿತು. ಮೈನಸ್ 61.

ಮನೆಯೊಳಗಿನದ್ದು ಬೇರೆ ಕಥೆ. ನಮ್ಮ ಜಂಬಿಟ್ಟಿಗೆ ಗೋಡೆಗೆ 5 ಗಿಗಾಹರ್ಟ್ಸ್ ಜಗಲಿಯಲ್ಲೇ ಸೋಲುತ್ತದೆ, 2.4 ಅಡುಗೆಮನೆವರೆಗೂ ಹೋಗುತ್ತದೆ, ಆದರೆ ನಿಧಾನ. ಅಗ್ಗದ ರಿಪೀಟರ್ ಹಾಕಿ ಬೇಸ್ತು ಬಿದ್ದೆ: ಒಂದೇ ರೇಡಿಯೋ ಕೇಳಿಸಿಕೊಂಡು ಮತ್ತೆ ಅದನ್ನೇ ಹೇಳಬೇಕು, ವೇಗ ಅರ್ಧ. ಕೊನೆಗೆ ಅಲ್ಲಿಗೆ ತಂತಿಯನ್ನೇ ಎಳೆದು ಎರಡನೇ ರೌಟರ್ ಇಟ್ಟೆ. ಶಿವಮೊಗ್ಗದ ತಂಗಿಯ ಮನೆಯಲ್ಲಿ ಗೋಡೆಗಿಂತ ನೆರೆಹೊರೆಯ ರೌಟರುಗಳದ್ದೇ ಗಲಾಟೆ, 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11, ಮೂರೇ. ಒಂಟಿ ಮನೆಗೆ ಆ ತಾಪತ್ರಯವಿಲ್ಲ.

ಸಿಡಿಲಿನದ್ದು ಮಾತ್ರ ಇದೆ. ಹೆಸರಿಗಷ್ಟೇ ವೈರ್‌ಲೆಸ್, ಡಿಶ್ಶಿಗೆ ಕರೆಂಟ್ ಹೋಗುವುದೂ ಡೇಟಾ ಬರುವುದೂ ಒಂದೇ ಕೇಬಲ್ಲಿನಲ್ಲಿ. ಮರುವರ್ಷ ಏಪ್ರಿಲ್ಲಿನ ಒಂದು ಸಂಜೆ ತೆಂಗಿನ ಮರಕ್ಕೆ ಹೊಡೆದ ಸಿಡಿಲಿಗೆ ಅಡಾಪ್ಟರ್, ರೌಟರ್ ಎರಡೂ ಸುಟ್ಟವು. ಈಗ ಪೈಪಿಗೆ ಅರ್ಥಿಂಗ್ ಕೊಟ್ಟಿದ್ದೇನೆ. ಆದರೂ ದೂರದಲ್ಲಿ ಗುಡುಗಿದರೆ ಸಾಕು, ಅಮ್ಮ ಒಲೆ ಮುಂದಿನಿಂದೆದ್ದು ಬಂದು ಪ್ಲಗ್ಗೂ ಕೇಬಲ್ಲೂ ಎರಡನ್ನೂ ಕಿತ್ತಿಡುತ್ತಾಳೆ.