ಕೊನೆಯ ಡ್ರಮ್ಮಿಗೆ ಮೈಲುತುತ್ತ ಎಷ್ಟು? ತ್ರೈರಾಶಿ ಹಾಕಿದ ನನ್ನ ಅನುಭವ

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಕಿಲೋ ಸುಣ್ಣ. ಅಡಿಕೆ ತೋಟದವರಿಗೆ ಇದು ಬಾಯಿಪಾಠ. ತೊಡಕಾಗುವುದು ಕೊನೆಯ ಡ್ರಮ್ಮಿನಲ್ಲಿ, ಅಲ್ಲಿ ಎಲ್ಲರೂ ಕೈಯಂದಾಜಿಗೆ ಇಳಿಯುತ್ತಾರೆ. ನಾನು ಚೀಟಿಯಲ್ಲಿ ತ್ರೈರಾಶಿ, ಅಂದರೆ ಗೊತ್ತಿರುವ ಮೂರು ಸಂಖ್ಯೆಯಿಂದ ನಾಲ್ಕನೆಯದನ್ನು ಹುಡುಕುವ ಲೆಕ್ಕ, ಹಾಕುವಾಗ "ಕೊಳೆರೋಗ ಲೆಕ್ಕ ಕೇಳ್ತದಾ?" ಅಂದವರಿದ್ದರು. ಮೂರು ಮಳೆಗಾಲದಿಂದ ಒಂದು ಕೊಡ ಬೋರ್ಡೋ ದ್ರಾವಣವನ್ನೂ ಚೆಲ್ಲಿಲ್ಲ. ಈಗ ಅವರೇ ಬಂದು ಚೀಟಿ ಬರೆಸಿಕೊಂಡು ಹೋಗುತ್ತಾರೆ.

ತ್ರೈರಾಶಿಯಲ್ಲಿ ಒಂದೇ ಜಾತಿಯವು (ಇಲ್ಲಿ ಮರ) ಮೊದಲಿಗೂ ಕೊನೆಗೂ, ಬೇರೆ ಜಾತಿಯದು (ಲೀಟರ್) ನಡುವೆ. ನನ್ನಲ್ಲಿ ಒಂದು ಡ್ರಮ್ಮಿಗೆ 130 ಮರ ಆಸುಪಾಸು ಆಗುತ್ತದೆ. 130 ಮರಕ್ಕೆ 200 ಲೀಟರ್, 850 ಮರಕ್ಕೆ? 200ನ್ನು 850ರಿಂದ ಗುಣಿಸಿ 130ರಿಂದ ಭಾಗಿಸಿದರೆ 1,307. 1,310 ಎಂದು ಹಿಡಿಯುತ್ತೇನೆ. ಆರು ಡ್ರಮ್ಮು, ಮೇಲೆ 110 ಲೀಟರ್. ಆ 110ಕ್ಕೆ ಮೈಲುತುತ್ತ 1 ಕಿಲೋ 100 ಗ್ರಾಂ. ಮೊದಲೆಲ್ಲ ಏಳನೆಯ ಡ್ರಮ್ಮನ್ನೂ ಭರ್ತಿ ಕಲಸುತ್ತಿದ್ದೆ. ಮಿಕ್ಕ 90 ಲೀಟರಿನಲ್ಲಿ 900 ಗ್ರಾಂ ಮೈಲುತುತ್ತ. ಕಿಲೋಗೆ ಸುಮಾರು 280 ರೂಪಾಯಿಯಂತೆ 250 ರೂಪಾಯಿ ಮಣ್ಣುಪಾಲು. ಕಲಸಿದ್ದನ್ನು ಮರುದಿನಕ್ಕೆ ಇಡುವ ಹಾಗಿಲ್ಲವಲ್ಲ.

ಲೆಕ್ಕಕ್ಕೆ ಮುಂಚೆ ಉತ್ತರ ಹೆಚ್ಚಬೇಕೋ ತಗ್ಗಬೇಕೋ ಎಂದು ಹೇಳಿಕೊಳ್ಳಬೇಕು. 130ನ್ನೂ 850ನ್ನೂ ಅದಲುಬದಲು ಇಟ್ಟರೆ 30 ಲೀಟರ್ ಚಿಲ್ಲರೆ ಬರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

110 ಲೀಟರ್ ಅಳೆಯಲು ಕೋಲು ಸಾಕು. ನನ್ನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 85 ಸೆಂ.ಮೀ.ಗೆ 200 ಲೀಟರ್. 110ಕ್ಕೆ 47 ಸೆಂ.ಮೀ.ಗೆ ಗುರುತು. ಡ್ರಮ್ಮನ್ನು ಅಡ್ಡ ಮಲಗಿಸಿಯೂ ನೋಡಿದೆ, ಕೆಟ್ಟಿತು. ಕಾಲು ಎತ್ತರಕ್ಕೆ 50 ಲೀಟರ್ ಅಂದುಕೊಂಡರೆ ಇರುವುದು 39. ನೆಟ್ಟಗೆ ನಿಂತಾಗ ಮಾತ್ರ ಎತ್ತರವೂ ನೀರೂ ಒಂದೇ ಪ್ರಮಾಣದಲ್ಲಿ ಏರುತ್ತವೆ.

ಆಳಿನ ಲೆಕ್ಕ ತಿರುಗುಮುರುಗು. ಇಬ್ಬರಿಗೆ 3 ದಿನದ ಕೆಲಸ ಮೂವರಿಗೆ 2 ದಿನ ಎಂದು ವ್ಯಸ್ತ ತ್ರೈರಾಶಿ (ಒಂದು ಹೆಚ್ಚಿದರೆ ಇನ್ನೊಂದು ತಗ್ಗುವ ಲೆಕ್ಕ) ಹೇಳುತ್ತದೆ. ಆದರೆ ಇರುವುದು ಒಂದೇ ಪಂಪು. ಮೂರನೆಯವರು ಪೈಪು ಹಿಡಿದು ನಿಂತರು, ದಿನ ಮೂರೇ ಆಯಿತು, ಮೂರು ದಿನದ ಕೂಲಿ ದಂಡ.

ಸುಣ್ಣ ಪುಸ್ತಕದ ಪ್ರಮಾಣಕ್ಕೆ ಒಗ್ಗುವುದಿಲ್ಲ. ಗಾಳಿಯಾಡಿದ ಚೀಲದ್ದಾದರೆ ಕಿಲೋಗೆ ಕಿಲೋ ಹಾಕಿದರೂ ಹುಳಿ ಉಳಿಯುತ್ತದೆ, ಅದ್ದಿದ ಕತ್ತಿಯ ಮೇಲೆ ತಾಮ್ರ ಕೂರುತ್ತದೆ, ಸಿಂಗಾರ (ಅಡಿಕೆಯ ಹೂಗೊಂಚಲು) ಸುಡುತ್ತದೆ. ಹಾಗಾಗಿ ಹೊಸ ಚೀಲ ಬಿಚ್ಚಿದಾಗ ಮೊದಲು 10 ಲೀಟರ್ ಕಲಸಿ, ಕತ್ತಿ ಹೊಳಪು ಉಳಿಸಿಕೊಳ್ಳುವವರೆಗೆ ಸುಣ್ಣ ಸೇರಿಸಿ, ಎಷ್ಟು ಹೋಯಿತೆಂದು ಬರೆದುಕೊಳ್ಳುತ್ತೇನೆ. ಕಳೆದ ಚೀಲದಲ್ಲಿ 125 ಗ್ರಾಂ ಹಿಡಿಯಿತು. 10ಕ್ಕೆ 125 ಆದರೆ 110ಕ್ಕೆ 1,375 ಗ್ರಾಂ. ದ್ರಾವಣ ಅಂಟಿಕೊಳ್ಳಲೆಂದು ಹಾಕುವ ರಾಳದ ಪಾಕದ ಅಳತೆ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯದು.