ಗನ್‌ಸ್ಮೋಕ್ ಕೇಳುತ್ತಾ ಸೀನ್ ಬರೆಯಲು ಕಲಿತೆ

ಧಾರಾವಾಹಿಗೆ ಡೈಲಾಗ್ ಬರೆಯಲು ಹಿಡಿದ ಮೊದಲ ವರ್ಷ ನನ್ನ ಪಾತ್ರಗಳು ಉಸಿರು ಬಿಡದೆ ಮಾತಾಡುತ್ತಿದ್ದವು. ರಾತ್ರಿ ಒನ್‌ಲೈನ್ (ಸೀನ್‌ನಲ್ಲಿ ಏನು ನಡೆಯಬೇಕು ಎಂಬ ಚುಟುಕು ಸಾರ) ಬಂದರೆ ಬೆಳಗಾಗುವಷ್ಟರಲ್ಲಿ ಸೀನ್ ಸೆಟ್ಟಿಗೆ ಹೋಗಬೇಕು. ಮಾತು ಸುರಿಯುವುದೇ ಸುಲಭ. ಆ ಚಟ ಬಿಡಿಸಿದ್ದು ಅಮೆರಿಕದ ಹಳೆಯ ಕೌಬಾಯ್ ಧಾರಾವಾಹಿ ‘ಗನ್‌ಸ್ಮೋಕ್’.

ಟಿವಿಯಲ್ಲಿ ಅದು 1955ರಿಂದ 1975ರವರೆಗೆ 635 ಕಂತು ನಡೆಯಿತು. ನಾನು ಹಿಡಿದುಕೊಂಡದ್ದು ಅದರ ಬೇರನ್ನು. 1952ರಲ್ಲಿ ಸಿಬಿಎಸ್ ರೇಡಿಯೋದಲ್ಲಿ ನಾಟಕವಾಗಿ ಅದು ಶುರುವಾಯಿತು. ನಾರ್ಮನ್ ಮ್ಯಾಕ್‌ಡಾನೆಲ್ ನಿರ್ಮಾಪಕ, ನಿರ್ದೇಶಕ. ಜಾನ್ ಮೆಸ್ಟನ್ ಬರಹಗಾರ. ಕೌಬಾಯ್ ಕಥೆಯೆಂದರೆ ಮಕ್ಕಳಿಗೆ ಎಂದಿದ್ದ ಕಾಲದಲ್ಲಿ ಇವರಿಬ್ಬರು ದೊಡ್ಡವರಿಗಾಗಿ ಕಟ್ಟಿದರು. ಮುಂದೆ ಆ ರೇಡಿಯೋ ಕಥೆಗಳೇ ಎಷ್ಟೋ ಟಿವಿ ಕಂತುಗಳಾದವು.

ನಾನು ಕಣ್ಣು ಮುಚ್ಚಿ ರೇಡಿಯೋ ಕಂತು ಕೇಳುತ್ತಿದ್ದೆ. ಯಾರೂ ಮಾತಾಡದ ಕಡೆಯೆಲ್ಲ ನೋಟ್‌ಬುಕ್‌ನಲ್ಲಿ ಒಂದು ಗೆರೆ. ಹಲಗೆಯ ಮೇಲೆ ಬೂಟಿನ ಸದ್ದು, ದೂರದಲ್ಲೊಂದು ನಾಯಿ, ಮತ್ತೆ ಬೂಟು. ಬರುತ್ತಿರುವವನು ಆತುರದಲ್ಲಿದ್ದಾನೋ ಹೆದರಿದ್ದಾನೋ ಎಂಬುದು ಆ ಹೆಜ್ಜೆಯಲ್ಲೇ ಗೊತ್ತಾಗುತ್ತಿತ್ತು.

ಇನ್ನೊಂದು ಪಾಠ ಮೊದಲ ಟಿವಿ ಕಂತಿನದು. ಕಥೆ ಮೆಸ್ಟನ್ ಅವರದೇ. ಕಥಾನಾಯಕ ಮ್ಯಾಟ್ ಡಿಲನ್ ಮಾರ್ಷಲ್, ಅಂದರೆ ಕಾನೂನು ಕಾಯುವ ಅಧಿಕಾರಿ. ಅವನು ಮೊದಲ ಕಾಳಗದಲ್ಲೇ ಗುಂಡು ತಿಂದು ಬೀಳುತ್ತಾನೆ. ಎದುರಾಳಿಯ ಕೈ ಇವನಿಗಿಂತ ಚುರುಕು. ಆದರೆ ಅವನು ಹತ್ತಿರ ಬಂದೇ ಹೊಡೆಯುತ್ತಾನೆ, ದೂರಕ್ಕೆ ಗುರಿ ನಿಲ್ಲದು. ಡಿಲನ್‌ಗೆ ಅದು ಹೊಳೆಯುತ್ತದೆ. ಎರಡನೇ ಸಲ ಅವನನ್ನು ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ, ಗೆಲ್ಲುತ್ತಾನೆ. ಇಡೀ ಅರ್ಧ ಗಂಟೆ ನಿಂತಿರುವುದು ಇಬ್ಬರ ನಡುವಿನ ಹೆಜ್ಜೆಗಳ ಮೇಲೆ! 1961ರಲ್ಲಿ ಕಂತು ಒಂದು ಗಂಟೆಯದಾದ ಮೇಲೆ ಈ ಬಿಗಿ ನನಗೆ ಅಷ್ಟಾಗಿ ಸಿಗಲಿಲ್ಲ.

ಆಗ ನನ್ನ ಕೈಯಲ್ಲಿ ಆಸ್ತಿ ಪಾಲಿನ ಸೀನ್ ಇತ್ತು. ಅಣ್ಣ ಮೈಮೇಲೆ ಬಂದಂತೆ ಮಾತಾಡುವವನು, ತಮ್ಮನಿಗೆ ಬಾಯಿ ಕಟ್ಟುತ್ತದೆ. ಮೂರು ಪುಟ ಬರೆದಿದ್ದೆ, ಹರಿದೆ. ತಮ್ಮನನ್ನು ಹಿತ್ತಲ ಬಾವಿಯ ಹತ್ತಿರ ನಿಲ್ಲಿಸಿದೆ, ನಡುವೆ ಇಡೀ ಅಂಗಳ. ಅವನು ನೀರು ಸೇದುತ್ತಾನೆ, ರಾಟೆ ಕಿರುಗುಟ್ಟುತ್ತದೆ. ಕೊಡ ಮೇಲೆ ಬಂದ ಮೇಲೆ ಒಂದೇ ಮಾತು: “ಪತ್ರ ತೋರ್ಸಣ್ಣ.”

“ಏನ್ ಸಾರ್, ಮಾತೇ ಇಲ್ವಲ್ಲ, ಫುಟೇಜ್ ಹೆಂಗ್ ಬರುತ್ತೆ?” ಎಂದರು ಎಪಿಸೋಡ್ ಡೈರೆಕ್ಟರ್. ಒಂದು ಟೇಕ್ ನೋಡಿ ಎಂದು ಬೇಡಿಕೊಂಡೆ. ಟೇಕ್ ಮುಗಿದಾಗ ಲೈಟ್‌ಬಾಯ್‌ಗಳೂ ಅಲುಗಾಡದೆ ನಿಂತಿದ್ದರು.

ಟೆಲಿಕಾಸ್ಟ್ ದಿನ ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡೆ. ರಾಟೆಯ ಸದ್ದೇ ಇರಲಿಲ್ಲ. ಸೀನ್ ತುಂಬ ಪಿಟೀಲು ಸುರಿದಿದ್ದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮೆಸ್ಟನ್ ಅವರಿಗೆ ಮ್ಯಾಕ್‌ಡಾನೆಲ್ ಏನಾಗಿದ್ದರು ಎಂಬುದು ಅರ್ಥವಾದದ್ದು ಆಗ. ಪುಟದ ಮೇಲಿನ ಮೌನ ಕೇಳುಗನ ಕಿವಿಗೆ ಮೌನವಾಗಿಯೇ ತಲುಪಬೇಕಾದರೆ ಮಿಕ್ಸಿಂಗ್ ಟೇಬಲ್ ತನಕ ಅದನ್ನು ಕಾಯುವವರು ಬೇಕು. ಮುಂದಿನ ಧಾರಾವಾಹಿಗೆ ಸಂಭಾವನೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟು, ಎಡಿಟಿಂಗ್‌ನಲ್ಲಿ ಕೂರುವ ಹಕ್ಕು ಕೇಳಿ ಪಡೆದೆ. ಈಗ ಸ್ಕ್ರಿಪ್ಟ್‌ನಲ್ಲೇ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ: “ಇಲ್ಲಿ ಮ್ಯೂಸಿಕ್ ಬೇಡ.” ಸೌಂಡ್ ಎಡಿಟರ್ ಪಕ್ಕದ ಕುರ್ಚಿಯಲ್ಲಿ ಕೂತು, ಆ ಜಾಗ ಬಂದಾಗ ಅವರ ಕೈಯನ್ನೇ ನೋಡುತ್ತಿರುತ್ತೇನೆ.